ಎರೆ ಮಣ್ಣಿನಲ್ಲಿ ಇಕ್ಸೋರಾ ಹಳದಿಯಾಗುವುದೇಕೆ, ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಬಳ್ಳಾರಿಯಲ್ಲಿ, ಸಿರುಗುಪ್ಪ ರಸ್ತೆಯ ಕಡೆ ಹೊಸ ಬಡಾವಣೆಯಲ್ಲಿದೆ. ಎರಡು ವರ್ಷದ ಹಿಂದೆ ಕಾಂಪೌಂಡ್ ಗೋಡೆಗುಂಟ ಕೆಂಪು ಹೂವಿನ ಹನ್ನೆರಡು ಇಕ್ಸೋರಾ ಗಿಡ ಹಚ್ಚಿದೆವು. ಮೊದಲ ಆರು ತಿಂಗಳು ಗೊಂಚಲು ಗೊಂಚಲು ಹೂ ಬಿಟ್ಟವು. ಆಮೇಲೆ ಚಿಗುರೆಲ್ಲ ಹಳದಿ. ಕೆಲವು ಗಿಡಗಳಲ್ಲಿ ಎಲೆ ಪೂರಾ ಬಿಳಿಚಿಕೊಂಡು ಅಂಚು ಸುಟ್ಟಂತಾಗಿದೆ. ನೀರು ಬೋರ್‌ವೆಲ್‌ನದು. ಯೂರಿಯಾ, ಡಿಎಪಿ, ಸಗಣಿ ಗೊಬ್ಬರ, ಒಲೆ ಬೂದಿ ಎಲ್ಲ ಹಾಕಿ ನೋಡಿದೆವು. ತುಕ್ಕು ಹಿಡಿದ ಮೊಳೆ ಹೂಳಿ ಎಂದರು, ಅದನ್ನೂ ಮಾಡಿದೆವು. ಈಗ ಸಂಡೂರಿನ ಅದಿರಿನ ಪುಡಿ ತಂದು ಹಾಕಿ ಎನ್ನುತ್ತಿದ್ದಾರೆ. ಹಾಕಬಹುದೇ? ಇಲ್ಲ, ಗಿಡ ಕಿತ್ತು ಬೇರೆ ಹಚ್ಚುವುದೇ ಒಳ್ಳೆಯದೇ?

ಉತ್ತರ: ಅದಿರಿನ ಪುಡಿ ಹಾಕಬೇಡಿ, ಗಿಡವನ್ನೂ ಸದ್ಯಕ್ಕೆ ಕೀಳಬೇಡಿ. ಹೂತಿರುವ ಮೊಳೆಗಳನ್ನು ಮಾತ್ರ ತೆಗೆದುಬಿಡಿ, ಮುಂದೆ ಮಣ್ಣು ಕೆದಕುವಾಗ ಕೈಗೆ ಚುಚ್ಚುತ್ತವೆ. ನೀವು ಹೇಳಿದ ಲಕ್ಷಣ ಬಹುಮಟ್ಟಿಗೆ ಕಬ್ಬಿಣದ ಕೊರತೆಯದೇ. ಆದರೆ ನಿಮ್ಮ ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಒಂದು ಇಕ್ಸೋರಾ ಗಿಡ ನೂರು ವರ್ಷ ಬದುಕಿದರೂ ತೀರದಷ್ಟು ಕಬ್ಬಿಣ ನಿಮ್ಮ ಕಡೆಯ ಕಪ್ಪು ಎರೆ ಮಣ್ಣಿನಲ್ಲಿದೆ. ಅದು ಬೇರು ಹೀರಲಾಗದ ರೂಪದಲ್ಲಿ ಕೂತಿದೆ. ಅದನ್ನು ಹಾಗೆ ಕಟ್ಟಿಹಾಕಿರುವುದು ಮಣ್ಣಿನಲ್ಲಿ ಮತ್ತು ನೀರಿನಲ್ಲಿ ಇರುವ ಸುಣ್ಣ. ಆದ್ದರಿಂದ ಇದು ಗೊಬ್ಬರ ಸುರಿದು ಗೆಲ್ಲುವ ಸಮಸ್ಯೆಯಲ್ಲ. ಗಿಡದ ಬುಡದ ಮಣ್ಣು, ಅದಕ್ಕೆ ಹಾಕುವ ನೀರು, ಇವೆರಡನ್ನು ಬದಲಿಸಬೇಕು.

ಇಕ್ಸೋರಾ ಕಾಫಿಯ ಕುಟುಂಬಕ್ಕೆ ಸೇರಿದ ಗಿಡ. ಕರಾವಳಿಯವರು ಕೇಪಳ ಎಂದು ಕರೆಯುವುದು ಇದರದೇ ಕಾಡು ರೂಪ. ಅಲ್ಲಿ ಸುರಿಯುವ ಮಳೆಗೆ ಸುಣ್ಣವೆಲ್ಲ ತೊಳೆದುಹೋಗಿ ಉಳಿದ ಹುಳಿ ಗುಣದ ಕೆಂಪು ಮಣ್ಣಿನಲ್ಲಿ ಅದು ತಾನಾಗಿ ಬೆಳೆಯುತ್ತದೆ. ಅದಕ್ಕೆ ಬೇಕಾದ ರಸಸಾರ, ಅಂದರೆ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಪಿಎಚ್ ಎಂದು ಬರೆದಿರುವ ಅಂಕಿ, 5ರಿಂದ 6ರ ಆಸುಪಾಸು. ನಮ್ಮ ಕಡೆಯ ಎರೆ ಮಣ್ಣಿನದು ಸಾಮಾನ್ಯವಾಗಿ 8ರ ಮೇಲೆ. ರಸಸಾರ ಒಂದು ಅಂಕಿ ಏರಿದರೆ ನೀರಿನಲ್ಲಿ ಕರಗುವ ಕಬ್ಬಿಣ ಸುಮಾರು ಸಾವಿರ ಪಟ್ಟು ಕಡಿಮೆಯಾಗುತ್ತದೆ. ಹತ್ತಿಯಂಥ ಬೆಳೆಗಳು ಇಂಥ ಮಣ್ಣಿನಿಂದಲೂ ಕಬ್ಬಿಣ ಎಳೆದುಕೊಳ್ಳಬಲ್ಲವು, ಇಕ್ಸೋರಾದ ಬೇರಿಗೆ ಆ ಕಸುವಿಲ್ಲ. ಮೊಳೆಯ ತುಕ್ಕು, ಸಂಡೂರಿನ ಹೆಮಟೈಟ್ ಅದಿರು ಎರಡೂ ಕಬ್ಬಿಣದ ಆಕ್ಸೈಡುಗಳೇ, ಈಗಾಗಲೇ ಕರಗದೆ ಕೂತಿರುವ ಜಾತಿಯವೇ. ಅದಿರಿನ ಗುಡ್ಡದ ಪಕ್ಕದಲ್ಲೇ ಗಿಡ ಕಬ್ಬಿಣವಿಲ್ಲದೆ ಸೊರಗುವುದು ಇದೇ ಕಾರಣಕ್ಕೆ.

ಮೊದಲ ಆರು ತಿಂಗಳು ಚೆನ್ನಾಗಿದ್ದದ್ದಕ್ಕೂ ಕಾರಣ ಇಲ್ಲೇ ಇದೆ. ನರ್ಸರಿಯ ಗಿಡ, ಅದು ಆಂಧ್ರದ ಕಡಿಯಂನಿಂದ ಬಂದಿರಲಿ, ಕರಾವಳಿಯಿಂದ ಬಂದಿರಲಿ, ತನ್ನ ಜತೆ ತನ್ನದೇ ಮಣ್ಣಿನ ಹೆಂಟೆ ತಂದಿರುತ್ತದೆ. ಆ ಹೆಂಟೆಯೊಳಗೆ ಬೇರು ಇರುವ ತನಕ ಗಿಡ ತವರಿನ ಊಟದಲ್ಲೇ ಇರುತ್ತದೆ. ಬೇರು ಹೊರಗೆ ಚಾಚಿ ಎರೆ ಮಣ್ಣು ಮುಟ್ಟಿದ ಮೇಲೆ, ಬೋರ್‌ವೆಲ್ ನೀರು ಆ ಹೆಂಟೆಯನ್ನೂ ಸುಣ್ಣಗಟ್ಟಿಸಿದ ಮೇಲೆ, ಹಳದಿ ಶುರುವಾಗುತ್ತದೆ. ನಿಮ್ಮ ಗಿಡಗಳು ಕಾಂಪೌಂಡ್‌ಗುಂಟ ಇರುವುದು ಇನ್ನೊಂದು ಪೆಟ್ಟು. ಹೊಸ ಗೋಡೆಯ ಬುಡದಲ್ಲಿ ಗಿಲಾವಿನಿಂದ ಉದುರಿದ ಸಿಮೆಂಟು, ಗಾರೆಯ ಹೆಂಟೆ ಹೂತುಹೋಗಿರುತ್ತವೆ. ಗೋಡೆಯಿಂದ ಒಂದು ಅಡಿಯೊಳಗೆ ಅರ್ಧ ಅಡಿ ಅಗೆದು ನೋಡಿ, ಬೂದು ಬಣ್ಣದ ಚೂರು ಸಿಗದಿದ್ದರೆ ಆಶ್ಚರ್ಯ.

ಇನ್ನು ಖಚಿತ ಮಾಡಿಕೊಳ್ಳುವ ಬಗೆ. ಗಿಡದ ತುದಿಯ ಒಂದು ಎಲೆ, ಬುಡದ ಒಂದು ಎಲೆ ಕಿತ್ತು ಪಕ್ಕಪಕ್ಕ ಇಟ್ಟು ಬೆಳಕಿಗೆ ಹಿಡಿಯಿರಿ. ತುದಿಯ ಎಲೆಯಲ್ಲಿ ನರಗಳು ಹಸಿರು ದಾರದ ಬಲೆಯಂತೆ ಎದ್ದು ಕಂಡು, ನರಗಳ ನಡುವಿನ ಜಾಗ ಹಳದಿಯಾಗಿದ್ದು, ಬುಡದ ಎಲೆ ಇನ್ನೂ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಕೊರತೆ ಹೆಚ್ಚಿದಾಗ ನರವೂ ಮಾಸಿ ಎಲೆ ಬೆಳ್ಳಗಾಗಿ ಅಂಚು ಸುಡುತ್ತದೆ. ಅದಕ್ಕೆ ತದ್ವಿರುದ್ಧವಾಗಿ ಬುಡದ ಎಲೆ ಮೊದಲು ಇಡಿಯಾಗಿ ಹಳದಿಯಾದರೆ ಸಾರಜನಕ ಸಾಲದು. ಬುಡದ ಎಲೆಯ ನರಗಳ ನಡುವೆ ಹಳದಿಯಾದರೆ ಮೆಗ್ನೀಸಿಯಂ. ಬುಡದ ಎಲೆಗಳಲ್ಲಿ ಕಂದುಗೆಂಪು ಚುಕ್ಕೆ ಬಂದರೆ ಪೊಟ್ಯಾಷ್ ಕಡಿಮೆ. ಇಕ್ಸೋರಾದಲ್ಲಿ ಈ ಚುಕ್ಕೆಯನ್ನು ರೋಗವೆಂದು ತಿಳಿದು ಔಷಧಿ ಹೊಡೆಯುವವರು ಬಹಳ.

ಇನ್ನೂ ಅನುಮಾನವಿದ್ದರೆ ಕುಂಚದ ಪರೀಕ್ಷೆ ಮಾಡಿ. ಒಂದು ಲೀಟರ್ ಮಳೆನೀರಿಗೋ ಎಸಿಯಿಂದ ತೊಟ್ಟಿಕ್ಕಿದ ನೀರಿಗೋ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಕರಗಿಸಿ. ಹಳದಿಯಾದ ನಾಲ್ಕೈದು ಎಲೆ ಆರಿಸಿ, ನಡುನರದ ಒಂದು ಬದಿಗೆ ಮಾತ್ರ ಚಿಕ್ಕ ಕುಂಚದಿಂದ ಮೇಲೆ ಕೆಳಗೆ ಸವರಿ. ಇನ್ನೊಂದು ಬದಿ ಮುಟ್ಟಬೇಡಿ. ಗುರುತಿಗೆ ಆ ಕೊಂಬೆಗೆ ಒಂದು ದಾರ ಕಟ್ಟಿ. ಏಳರಿಂದ ಹತ್ತು ದಿನದಲ್ಲಿ ಸವರಿದ ಅರ್ಧ ಹಸಿರಾಗಿ ಉಳಿದ ಅರ್ಧ ಹಾಗೆಯೇ ಇದ್ದರೆ ಬೇರೆ ಸಾಕ್ಷಿ ಬೇಡ. ಹಸಿರಾಗದಿದ್ದರೆ ಮ್ಯಾಂಗನೀಸ್ ಕೊರತೆಯಿರಬಹುದು. ಅದೂ ಚಿಗುರಿನಲ್ಲೇ ಹೀಗೆಯೇ ಕಾಣುತ್ತದೆ, ಅದೂ ಸುಣ್ಣದ ಮಣ್ಣಿನದೇ ಕಾಯಿಲೆ. ಆಗ ಲೀಟರಿಗೆ 3 ಗ್ರಾಂ ಮ್ಯಾಂಗನೀಸ್ ಸಲ್ಫೇಟ್ ಹಾಕಿ ಇದೇ ಪರೀಕ್ಷೆ ಮಾಡಿ.

ಮಣ್ಣಿನಲ್ಲಿ ಸುಣ್ಣ ಎಷ್ಟಿದೆ ಎಂದು ಅಂದಾಜು ಮಾಡಲು ಒಂದು ಚಮಚ ಒಣ ಮಣ್ಣಿನ ಮೇಲೆ ವಿನೆಗರ್ ಹನಿಸಿ. ಬುರುಗು ಎದ್ದು ಜುಂಯ್ ಎಂದರೆ ಸುಣ್ಣ ಬಿಡಿಯಾಗಿಯೇ ಇದೆ. ಹಾಗೆ ಬುರುಗು ಬಂದ ಮಣ್ಣನ್ನು ಹುಳಿ ಮಾಡುತ್ತೇನೆಂದು ಗಂಧಕ ಸುರಿಯುವ ಮೊದಲು ಈ ಲೆಕ್ಕ ನೋಡಿ. ಉದ್ದ, ಅಗಲ, ಆಳ ಎರಡೆರಡು ಅಡಿಯ ಒಂದು ಗುಂಡಿಯಲ್ಲಿ ಸುಮಾರು 280 ಕಿಲೋ ಮಣ್ಣಿರುತ್ತದೆ. ಅದರಲ್ಲಿ ನೂರಕ್ಕೆ 5 ಭಾಗ ಸುಣ್ಣವಿದ್ದರೆ 14 ಕಿಲೋ ಆಯಿತು. 100 ಗ್ರಾಂ ಸುಣ್ಣ ಅಳಿಸಲು 32 ಗ್ರಾಂ ಗಂಧಕ ಬೇಕು. ಅಂದರೆ ಒಂದು ಗುಂಡಿಗೇ ನಾಲ್ಕೂವರೆ ಕಿಲೋ. ಅಷ್ಟು ಹಾಕಿದರೆ ಬೇರು ಉಳಿಯುವುದಿಲ್ಲ, ಉಳಿದರೂ ಸುತ್ತಲಿನ ಮಣ್ಣಿನಿಂದ, ಬೋರ್ ನೀರಿನಿಂದ ಸುಣ್ಣ ಮತ್ತೆ ಬರುತ್ತದೆ. ಎರೆ ಮಣ್ಣನ್ನು ಇಕ್ಸೋರಾಕ್ಕೆ ಒಗ್ಗಿಸುವ ಕೆಲಸಕ್ಕೆ ಕೈಹಾಕಬೇಡಿ. ಅದು ಜೋಳ, ಕಡಲೆ, ಹತ್ತಿಗೆ ಚಿನ್ನದಂಥ ಮಣ್ಣು, ಈ ಗಿಡಕ್ಕೆ ಮಾತ್ರ ಆಗಿಬರುವುದಿಲ್ಲ.

ಇಂದೇ ನಿಲ್ಲಿಸಬೇಕಾದವು ಕೆಲವಿವೆ. ಒಲೆ ಬೂದಿ ಬೇಡವೇ ಬೇಡ, ಅದು ಕ್ಷಾರ. ಅಕ್ಕಿ ಮಿಲ್ಲಿನ ಬಾಯ್ಲರ್‌ನಿಂದ ಬರುವ ಹೊಟ್ಟಿನ ಬೂದಿಯೂ ಅಷ್ಟೇ. ಮೊಟ್ಟೆ ಸಿಪ್ಪೆ, ಮೂಳೆ ಪುಡಿ ಸುಣ್ಣವೇ. ಡಿಎಪಿಯಲ್ಲಿರುವ ರಂಜಕ ಇದ್ದಬದ್ದ ಕಬ್ಬಿಣವನ್ನೂ ಗಟ್ಟಿಮಾಡಿ ಕೂರಿಸುತ್ತದೆ. ಯೂರಿಯಾ ಚಿಗುರು ಎಬ್ಬಿಸುತ್ತದೆ, ಚಿಗುರಿಗೆ ಬೇಕಾದ ಕಬ್ಬಿಣ ಬರುವುದಿಲ್ಲ, ಹಾಗಾಗಿ ಹಳದಿ ಇನ್ನಷ್ಟು ಎದ್ದು ಕಾಣುತ್ತದೆ. ಅಂಗಳ ತೊಳೆದ ನೀರು ಗಿಡಕ್ಕೆ ಹರಿಯುವಂತಿದ್ದರೆ ದಾರಿ ಬದಲಿಸಿ, ರಂಗೋಲಿ ಪುಡಿ ಹೆಚ್ಚಾಗಿ ಸುಣ್ಣದಂಶದ ಕಲ್ಲಿನ ಹಿಟ್ಟು. ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುವಾಗ ಗಿಡದ ಬುಡಕ್ಕೆ ಗೋಣಿತಟ್ಟು ಹೊದಿಸಿ. ಕುಡಿಯುವ ನೀರಿನ ಆರ್‌ಒ ಯಂತ್ರದ ಹೊರಹೋಗುವ ನೀರನ್ನು ಉಳಿತಾಯವೆಂದು ಗಿಡಕ್ಕೆ ಹಾಕುವವರಿದ್ದಾರೆ. ಬೋರ್ ನೀರಿನ ಲವಣವೆಲ್ಲ ಅದರಲ್ಲಿ ಇನ್ನೂ ದಟ್ಟವಾಗಿರುತ್ತದೆ. ಅದನ್ನು ನೆಲ ಒರೆಸಲು ಬಳಸಿ.

ಈಗ ಗಿಡಕ್ಕೆ ತಕ್ಷಣ ಉಸಿರು ಕೊಡಲು ಅನ್ನಭೇದಿಯ ಸಿಂಪಡಣೆ ಸಾಕು. ಹತ್ತು ಲೀಟರ್ ನೀರಿಗೆ ಮೊದಲು 10 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಕರಗಿಸಿ, ಆಮೇಲೆ 50 ಗ್ರಾಂ ಅನ್ನಭೇದಿ. ಈ ಕ್ರಮ ತಪ್ಪಬಾರದು. ಬೋರ್ ನೀರಿಗೆ ನೇರ ಅನ್ನಭೇದಿ ಹಾಕಿದರೆ ಸ್ವಲ್ಪ ಹೊತ್ತಿಗೇ ನೀರು ಚಹಾದ ಬಣ್ಣಕ್ಕೆ ತಿರುಗಿ ತಳದಲ್ಲಿ ಕಂದು ಗಸಿ ಕೂರುತ್ತದೆ. ಆ ಗಸಿಯೇ ನಿಮ್ಮ ಕಬ್ಬಿಣ, ಅದು ಗಿಡಕ್ಕೆ ಇನ್ನು ಸಿಗುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವಾಗ ತಿಳಿಹಸಿರು ಹರಳು ನೋಡಿ ತೆಗೆದುಕೊಳ್ಳಿ. ಹಳದಿ, ಕಂದು ಪುಡಿಯಾಗಿದ್ದರೆ ಗಾಳಿಗೆ ಕೆಟ್ಟಿದೆ ಎಂದರ್ಥ. ಪಾತ್ರೆ ತೊಳೆಯುವ ದ್ರವ ಅರ್ಧ ಚಮಚ ಬೆರೆಸಿದರೆ ನುಣುಪಾದ ಎಲೆಗೆ ಅಂಟುತ್ತದೆ. ಸಂಜೆ ಐದರ ಮೇಲೆ, ಎಲೆಯ ಕೆಳಬದಿಗೂ ತಾಗುವಂತೆ ಸಿಂಪಡಿಸಿ. ಮೊದಲು ಒಂದೇ ಗಿಡಕ್ಕೆ ಹೊಡೆದು ಎರಡು ದಿನ ಕಾದು ಎಲೆ ಸುಡಲಿಲ್ಲವೆಂದು ನೋಡಿ ಉಳಿದವಕ್ಕೆ ಹೊಡೆಯಿರಿ. ಹತ್ತು ದಿನಕ್ಕೊಮ್ಮೆ ಮೂರು ಸಲ. ಕಲಸಿದ್ದನ್ನು ನಾಳೆಗೆ ಉಳಿಸಬೇಡಿ. ಅಂಗಳದಲ್ಲಿ ಶಹಾಬಾದ್ ಕಲ್ಲು ಹಾಸಿದ್ದರೆ ಹಳೆಯ ಪ್ಲಾಸ್ಟಿಕ್ ಹಾಳೆ ಹೊದಿಸಿಕೊಳ್ಳಿ. ಹನಿ ಬಿದ್ದಲ್ಲಿ ತುಕ್ಕಿನ ಕಲೆ ಕೂತರೆ ಉಜ್ಜಿದರೂ ಹೋಗದು.

ಸಿಂಪಡಿಸಿದ ಎಲೆ ಹಸಿರಾದರೂ ಮುಂದೆ ಬರುವ ಚಿಗುರು ಮತ್ತೆ ಹಳದಿಯೇ. ಬೇರಿನ ಮೂಲಕ ಹೋಗಬೇಕೆಂದರೆ ಚೀಲೇಟೆಡ್ ಕಬ್ಬಿಣ, ಅಂದರೆ ಸುಣ್ಣಕ್ಕೆ ಸಿಗದಂತೆ ಇನ್ನೊಂದು ರಾಸಾಯನಿಕ ಹಿಡಿದಿಟ್ಟುಕೊಂಡ ಕಬ್ಬಿಣ ಬೇಕು, ಮತ್ತು ಇಲ್ಲಿಯೇ ಹೆಚ್ಚು ಜನ ದುಡ್ಡು ಕಳೆದುಕೊಳ್ಳುವುದು. ಗೊಬ್ಬರದ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಇಡಿಟಿಎ ಕಬ್ಬಿಣ. ಅದು ರಸಸಾರ ಆರೂವರೆ ದಾಟಿದರೆ ಮಣ್ಣಿನಲ್ಲಿ ಬಿಟ್ಟುಹೋಗುತ್ತದೆ. ಎಲೆಗೆ ಸಿಂಪಡಿಸಲು ಸರಿ, ನಮ್ಮ ಮಣ್ಣಿಗೆ ಸುರಿದರೆ ದಂಡ. ಡಿಟಿಪಿಎ ಏಳು, ಏಳೂವರೆ ತನಕ ತಡೆಯುತ್ತದೆ. ಎರೆ ಮಣ್ಣಿನಲ್ಲಿ ನಿಲ್ಲುವುದು ಇಡಿಡಿಎಚ್‌ಎ ಮಾತ್ರ, ರಸಸಾರ 9ರ ತನಕ. ಪೊಟ್ಟಣದ ಮೇಲೆ EDDHA ಎಂಬ ಅಕ್ಷರಗಳು, ಕಬ್ಬಿಣ 6 ಪ್ರತಿಶತ, ಆರ್ಥೋ-ಆರ್ಥೋ ಪ್ರಮಾಣ ಬರೆದಿದೆಯೇ ನೋಡಿ. ಆರ್ಥೋ-ಆರ್ಥೋ ಎಂದರೆ ಕಬ್ಬಿಣವನ್ನು ಬಿಗಿಯಾಗಿ ಹಿಡಿದಿಡುವ ಭಾಗ, ಆ ಅಂಕಿ ದೊಡ್ಡದಿದ್ದಷ್ಟು ಒಳ್ಳೆಯದು. ಕಡುಗೆಂಪು ಪುಡಿ, ನೀರಿಗೆ ಹಾಕಿದರೆ ದ್ರಾಕ್ಷಾರಸದ ಬಣ್ಣ. ಮೂರು ನಾಲ್ಕು ಅಡಿಯ ಗಿಡಕ್ಕೆ 15ರಿಂದ 20 ಗ್ರಾಂ, ಐದು ಲೀಟರ್ ನೀರಲ್ಲಿ ಕಲಸಿ, ಕೊಂಬೆಗಳ ತುದಿಯ ಕೆಳಗೆ ಬುಡದ ಸುತ್ತ ನಾಲ್ಕು ಬೆರಳು ಆಳದ ಕಾಲುವೆ ತೋಡಿ ಅದರೊಳಗೆ ಸುರಿದು ಮಣ್ಣು ಮುಚ್ಚಿ. ಮುಚ್ಚಲೇಬೇಕು, ಬಿಸಿಲು ಬಿದ್ದರೆ ಅದು ಒಡೆಯುತ್ತದೆ. ಎಲೆಗೆ ಇದನ್ನು ಸಿಂಪಡಿಸಬೇಡಿ. ಎರಡರಿಂದ ನಾಲ್ಕು ವಾರದಲ್ಲಿ ಹೊಸ ಚಿಗುರಿನ ಬಣ್ಣ ತಿರುಗುತ್ತದೆ. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಫೆಬ್ರವರಿಯಲ್ಲಿ ಕೊಟ್ಟರೆ ಸಾಕು. ಬೆಲೆ ಹೆಚ್ಚು, ಹಾಗಾಗಿ ಉಳಿಸಿಕೊಳ್ಳುವ ಗಿಡಕ್ಕೆ ಮಾತ್ರ ಹಾಕಿ.

ಅಷ್ಟು ಖರ್ಚು ಬೇಡವೆಂದರೆ ಅನ್ನಭೇದಿಯನ್ನೇ ಗೊಬ್ಬರದಲ್ಲಿ ಕಲಸಿ ಕೊಡುವ ದಾರಿಯಿದೆ. ಚೆನ್ನಾಗಿ ಕಳಿತ ಸಗಣಿ ಗೊಬ್ಬರ 3 ಕಿಲೋ, ಅನ್ನಭೇದಿ 75 ಗ್ರಾಂ, ಸ್ವಲ್ಪ ನೀರು ಚಿಮುಕಿಸಿ ಕಲಸಿ ಒಂದು ವಾರ ನೆರಳಲ್ಲಿ ಇಡಿ. ಆಮೇಲೆ ಗಿಡದ ಸುತ್ತ ನಾಲ್ಕು ಕಡೆ ಗೇಣು ಆಳದ ಕುಣಿ ತೋಡಿ ತುಂಬಿ. ಮಣ್ಣಿನ ಜತೆ ಬೆರೆಸಬೇಡಿ, ಗೊಬ್ಬರದ ಉಂಡೆಯಾಗಿಯೇ ಇರಲಿ. ಅದರೊಳಗೆ ಸುಣ್ಣದ ಕೈ ತಡವಾಗಿ ತಲುಪುತ್ತದೆ, ಅಷ್ಟರಲ್ಲಿ ಬೇರು ಅಲ್ಲಿಗೆ ಬಂದು ಉಣ್ಣುತ್ತದೆ.

ಹನ್ನೆರಡು ಗಿಡಗಳನ್ನೂ ಹೀಗೆ ಔಷಧಿಯ ಮೇಲೆ ಬದುಕಿಸುವುದು ನನಗೆ ಸರಿ ಕಾಣುವುದಿಲ್ಲ. ಚೆನ್ನಾಗಿರುವ ನಾಲ್ಕೈದನ್ನು ಆರಿಸಿ ದೊಡ್ಡ ಪಾತ್ರೆಗೆ ಎತ್ತಿಕೊಳ್ಳಿ, ಗೋಡೆಗುಂಟ ಈ ಮಣ್ಣಿಗೆ ಒಗ್ಗುವ ಗಿಡ ಹಚ್ಚಿ. 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡ ಕೊಯ್ದರೆ ಎರಡು ಗಿಡಕ್ಕೆ ಮನೆಯಾಯಿತು. ಒಳಗೆ ಮೊದಲು ಏನಿತ್ತೆಂದು ಕೇಳಿ ತನ್ನಿ, ಆಸಿಡ್, ಕೀಟನಾಶಕದ ಡ್ರಮ್ಮು ಬೇಡ. ಸಿಮೆಂಟ್ ಕುಂಡ ಇಕ್ಸೋರಾಕ್ಕೆ ಆಗದು, ಅದೇ ಸುಣ್ಣ ಬಿಡುತ್ತದೆ. ತಳದಲ್ಲಿ ಬೆರಳು ತೂರುವಷ್ಟು ದೊಡ್ಡ ಎಂಟು ಹತ್ತು ತೂತು ಕೊರೆದು, ಇಟ್ಟಿಗೆ ಮೇಲೆ ಕೂರಿಸಿ. ತಳಕ್ಕೆ ಜಲ್ಲಿ ಸುರಿಯುವ ರೂಢಿಯಿಂದ ಬೇರಿಗೆ ಜಾಗ ಕಡಿಮೆಯಾಗುವುದೇ ಹೊರತು ನೀರು ಬೇಗ ಬಸಿಯುವುದಿಲ್ಲ.

ಮಣ್ಣಿಗೆ ಮಸಾರಿ, ಅಂದರೆ ಕೆಂಪು ಮಣ್ಣು, ಎರಡು ಪಾಲು, ತೊಳೆದ ತೆಂಗಿನ ನಾರಿನ ಪುಡಿ ಒಂದು ಪಾಲು, ಕಳಿತ ಗೊಬ್ಬರ ಒಂದು ಪಾಲು. ಮಸಾರಿ ತರುವ ಮೊದಲು ವಿನೆಗರ್ ಹನಿಸಿ ನೋಡಿ. ಕೆಂಪಗಿದೆ ಎಂದ ಮಾತ್ರಕ್ಕೆ ಸುಣ್ಣವಿಲ್ಲ ಎನ್ನುವಂತಿಲ್ಲ, ಕೆಲವು ಕಡೆ ಅಡಿಯಲ್ಲಿ ಸುಣ್ಣದ ಹರಳು ಇರುತ್ತದೆ. ನಾರಿನ ಪುಡಿ ಉಪ್ಪಾಗಿರುತ್ತದೆ, ಎರಡು ಸಲ ನೀರಲ್ಲಿ ನೆನೆಸಿ ಹಿಂಡಿ ಬಿಡಿ. ಶೇಂಗಾ ಹೊಟ್ಟು ನಮ್ಮಲ್ಲಿ ಧಾರಾಳ. ಕೊಳೆಸಿದ ಹೊಟ್ಟನ್ನು ಅರ್ಧ ಪಾಲು ಸೇರಿಸಿದರೆ ಮಣ್ಣು ಹಗುರವಾಗುತ್ತದೆ, ಹಸಿಯದು ಸಾರಜನಕ ತಿನ್ನುತ್ತದೆ. ಬೇವಿನ ಹಿಂಡಿ ಎರಡು ಹಿಡಿ. ಸುಣ್ಣವಿಲ್ಲದ ಈ ಮಣ್ಣಿನಲ್ಲಿ ಗಂಧಕ ಕೆಲಸ ಮಾಡುತ್ತದೆ, 100 ಲೀಟರ್ ಮಿಶ್ರಣಕ್ಕೆ 50 ಗ್ರಾಂ. ಸೂಕ್ಷ್ಮಜೀವಿಗಳು ಅದನ್ನು ಹುಳಿಯಾಗಿಸಬೇಕಾದ್ದರಿಂದ ತಿಂಗಳುಗಟ್ಟಲೆ ಹಿಡಿಯುತ್ತದೆ.

ಎತ್ತಿ ನಡುವ ಕಾಲ ಮಳೆ ಹಿಡಿದ ಮೇಲೆ, ಜುಲೈನಿಂದ ಸೆಪ್ಟೆಂಬರ್. ಏಪ್ರಿಲ್, ಮೇಯಲ್ಲಿ ಮುಟ್ಟಿದರೆ ಗಿಡ ಹೋದಂತೆಯೇ. ಹಿಂದಿನ ದಿನ ನೆನೆಯುವಂತೆ ನೀರು ಕೊಡಿ, ಕೊಂಬೆಯ ಮೂರನೇ ಒಂದು ಭಾಗ ಕತ್ತರಿಸಿ, ಬುಡದ ಸುತ್ತ ಒಂದು ಅಡಿ ಬಿಟ್ಟು ಅಗೆದು ಹೆಂಟೆ ಒಡೆಯದಂತೆ ಗೋಣಿಯಲ್ಲಿ ಕಟ್ಟಿ ಎತ್ತಿ. ಪಾತ್ರೆಗೆ ಇಡುವ ಮೊದಲು ಹೆಂಟೆಯ ಹೊರಮೈಯ ಎರೆ ಮಣ್ಣನ್ನು ಬೆರಳಿನಿಂದ ಎರಡು ಅಂಗುಲದಷ್ಟು ಮೆಲ್ಲಗೆ ಉದುರಿಸಿ, ಪೂರ್ತಿ ತೊಳೆಯಬೇಡಿ. ಮೊದಲಿದ್ದ ಆಳಕ್ಕೇ ನೆಡಿ. ಹದಿನೈದು ದಿನ ನೆರಳು. ಎಲೆ ಒಂದಿಷ್ಟು ಉದುರುತ್ತದೆ, ಹೆದರಿ ಗೊಬ್ಬರ ಹಾಕಬೇಡಿ.

ನೀರಿನ ಮಾತು. ನಿಮ್ಮ ಬೋರ್ ನೀರಲ್ಲಿ ಬೇಳೆ ಬೇಯುವುದು ತಡವೇ, ಸೋಪು ನೊರೆ ಬರುವುದಿಲ್ಲವೇ, ಬಕೆಟ್ಟಿನ ಕಂಠಕ್ಕೆ ಬಿಳಿ ಪೊರೆ ಕಟ್ಟುತ್ತದೆಯೇ? ಹಾಗಿದ್ದರೆ ಒಳ್ಳೆಯ ಮಣ್ಣು ಹಾಕಿದರೂ ಈ ನೀರು ಒಂದೆರಡು ವರ್ಷದಲ್ಲಿ ಅದನ್ನು ಎರೆಯ ಗುಣಕ್ಕೇ ತರುತ್ತದೆ. ನಲ್ಲಿಯಲ್ಲಿ ತುಂಗಭದ್ರೆಯ ನೀರು ಬರುವ ದಿನ ಇಕ್ಸೋರಾದ ಪಾಲನ್ನು ಹಿಡಿದಿಡಿ. ಮಳೆನೀರು ಎಲ್ಲಕ್ಕಿಂತ ಮೇಲು. 100 ಚದರ ಮೀಟರ್ ತಾರಸಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಪೋಲಾದದ್ದು ಕಳೆದು 2000 ಲೀಟರ್ ಕೈಗೆ ಬರುತ್ತದೆ. ಐದು ಪಾತ್ರೆಗೆ ದಿನಕ್ಕೆ 25 ಲೀಟರ್ ಎಂದರೂ ಎರಡೂವರೆ ತಿಂಗಳಿಗೆ ಸಾಕು. ಬೋರ್ ನೀರೇ ಗತಿ ಎಂದಾಗ ಹತ್ತು ಲೀಟರಿಗೆ 3ರಿಂದ 4 ಗ್ರಾಂ ನಿಂಬೆ ಉಪ್ಪು ಹಾಕಬಹುದು. ಆದರೆ ಇದು ತಾತ್ಕಾಲಿಕ, ಮಣ್ಣಿನ ಜೀವಿಗಳು ನಿಂಬೆ ಉಪ್ಪನ್ನು ತಿಂದು ಮುಗಿಸಿದ ಮೇಲೆ ಕ್ಷಾರ ಮರಳುತ್ತದೆ. ಮಳೆಗಾಲ ಬಂದಾಗ ಪಾತ್ರೆಗಳನ್ನು ತಾರಸಿಯ ನೀರು ಬೀಳುವ ಕೊಳವೆ ಹತ್ತಿರ ಇಟ್ಟು, ತೂತಿನಿಂದ ನೀರು ಚೆನ್ನಾಗಿ ಬಸಿದುಹೋಗುವಂತೆ ಮಾಡಿ, ವರ್ಷವಿಡೀ ಕೂತ ಲವಣ ತೊಳೆಯುತ್ತದೆ. ನೆಲದಲ್ಲಿ ಉಳಿದ ಗಿಡಕ್ಕೆ ಮಾತ್ರ ನೀರು ಅತಿಯಾಗಬಾರದು. ಬೆರಳುದ್ದ ಅಗೆದಾಗ ಮಣ್ಣು ಅಂಟುತ್ತಿದ್ದರೆ ಕೊಡಬೇಡಿ. ಎರೆ ಮಣ್ಣು ತೊಯ್ದು ಕೂತರೆ ಬೇರು ಬಿಟ್ಟ ಉಸಿರೂ ಅಲ್ಲೇ ಉಳಿದು ಹಳದಿ ಹೆಚ್ಚುತ್ತದೆ.

ಪಾತ್ರೆಗಳನ್ನು ಮನೆಯ ಮೂಡಣಕ್ಕೆ ಇಡಿ. ಹನ್ನೊಂದು, ಹನ್ನೆರಡರ ತನಕ ಬಿಸಿಲು ಬಿದ್ದರೆ ಹೂವಿಗೆ ಸಾಕು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಪಡುವಣ ಬಿಸಿಲು ಎಲೆಯಂಚನ್ನಷ್ಟೇ ಅಲ್ಲ, ಡ್ರಮ್ಮಿನ ಗೋಡೆ ಕಾಯಿಸಿ ಬೇರನ್ನೂ ಬೇಯಿಸುತ್ತದೆ. ಡ್ರಮ್ಮಿಗೆ ಗೋಣಿ ಸುತ್ತಿ, ಅಥವಾ ಬಿಳಿ ಪೇಂಟ್ ಬಳಿಯಿರಿ, ಸುಣ್ಣವಲ್ಲ. ಜೂನ್‌ನಿಂದ ಫೆಬ್ರವರಿ ತನಕ ಆರು ವಾರಕ್ಕೊಮ್ಮೆ ಒಂದು ಪಾತ್ರೆಗೆ 10 ಗ್ರಾಂ ಅಮೋನಿಯಂ ಸಲ್ಫೇಟ್, 5 ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಷ್ ಐದು ಲೀಟರ್ ನೀರಲ್ಲಿ ಕೊಡಿ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ವಾರವಾರ ಕತ್ತರಿ ಆಡಿಸಿ ಚೌಕ ಮಾಡಿದರೆ ಹೂ ಇರುವುದಿಲ್ಲ. ಬಾಡಿದ ಗೊಂಚಲನ್ನು ಎರಡು ಎಲೆಜೋಡಿ ಸಮೇತ ಚಿವುಟಿ, ದೊಡ್ಡ ಕತ್ತರಿಕೆ ಮುಂಗಾರು ಶುರುವಿಗೆ ಒಮ್ಮೆ ಸಾಕು. ಎಲೆ ಮೇಲೆ ಕಪ್ಪು ಮಸಿ, ಕಾಂಡದಲ್ಲಿ ಇರುವೆ ಸಾಲು ಕಂಡರೆ ಎಲೆಯ ಕೆಳಗೆ ಶಲ್ಕ ಕೀಟವೋ ಹಿಟ್ಟು ತಿಗಣೆಯೋ ಇದೆ. ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಒಂದೆರಡು ಹನಿ ಸೋಪು ಕಲಸಿ ಸಂಜೆ ಹೊಡೆಯಿರಿ, ವಾರ ಬಿಟ್ಟು ಇನ್ನೊಮ್ಮೆ.

ಗೋಡೆಗುಂಟ ಖಾಲಿಯಾದ ಜಾಗಕ್ಕೆ ಕಣಗಿಲ ಹಚ್ಚಿ. ಸುಣ್ಣ, ಸವಳು ನೀರು, ಬಿಸಿಲು ಯಾವುದಕ್ಕೂ ಅಂಜದೆ ವರ್ಷವಿಡೀ ಹಸಿರು, ಹೂವೂ ಉಂಟು. ಆದರೆ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಮನೆಯಲ್ಲಿ ಎಳೆ ಮಕ್ಕಳಿದ್ದರೆ, ಕತ್ತರಿಸಿದ ಸೊಪ್ಪು ಆಡು-ದನಗಳ ಬಾಯಿಗೆ ಸಿಗುವಂತಿದ್ದರೆ ಬೇಡ. ಹಾಗಿದ್ದಲ್ಲಿ ನಮ್ಮ ಗುಡ್ಡಗಳಲ್ಲೇ ಬೆಳೆಯುವ ಬಂದರಿಕೆ ಬೇಲಿ ಮಾಡಿ, ಒಂದೂವರೆ ಅಡಿಗೊಂದು ಸಸಿ. ನಡುನಡುವೆ ಹಳದಿ ಹೂವಿನ ಟೆಕೋಮಾ ಹಚ್ಚಿದರೆ ಬಣ್ಣವೂ ಬರುತ್ತದೆ. ಅಗೆದಾಗ ಸಿಕ್ಕ ಗಾರೆಯ ಚೂರುಗಳನ್ನು ಅವುಗಳಿಗಾಗಿ ಆರಿಸಿ ತೆಗೆಯುವ ಕಷ್ಟವೂ ಇಲ್ಲ. ಹಾಗೆಯೇ ಮಣ್ಣಿನ ಮಾದರಿಯೊಂದನ್ನು ಅರ್ಧ ಅಡಿ ಆಳದಿಂದ ಅರ್ಧ ಕಿಲೋದಷ್ಟು ತೆಗೆದು, ನೆರಳಲ್ಲಿ ಒಣಗಿಸಿ ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ಕೇಳಿ. ರಸಸಾರ, ಲವಣಾಂಶ, ಸುಣ್ಣದ ಪ್ರಮಾಣ, ಲಭ್ಯ ಕಬ್ಬಿಣ ಈ ನಾಲ್ಕು ಬೇಕೆಂದು ಹೇಳಿ. ಲಭ್ಯ ಕಬ್ಬಿಣ 4.5 ಪಿಪಿಎಂಗಿಂತ ಕಡಿಮೆ ಬಂದರೆ ಕೊರತೆ ಎನ್ನುತ್ತಾರೆ. ಸುಣ್ಣದ ಮಣ್ಣಿನಲ್ಲಿ ಅದಕ್ಕಿಂತ ಹೆಚ್ಚು ಬಂದರೂ ಇಕ್ಸೋರಾ ಹಳದಿಯಾಗುವುದುಂಟು, ಆಗ ಚೀಟಿಗಿಂತ ದಾರ ಕಟ್ಟಿದ ಕೊಂಬೆಯ ಎಲೆಯನ್ನೇ ನಂಬಿ.